ನೇಕ್ ಚಂದ್: ರಸ್ತೆ ಇನ್‌ಸ್ಪೆಕ್ಟರನ ಕಸುಬು ಮತ್ತು ಶಿಲ್ಪದ ನೆಲೆ

ಕಲಾವಿದರ ಜೀವನಚರಿತ್ರೆಗಳಲ್ಲಿ 'ಎರಡನೆಯ ವೃತ್ತಿ' ಎಂಬ ಮಾತು ಬಹುತೇಕ ಬಿಡುಗಡೆಯ ಅರ್ಥವನ್ನು ಹೊತ್ತುಕೊಂಡೇ ಬರುತ್ತದೆ. ಹೊಟ್ಟೆಪಾಡಿಗೆಂದು ಹಿಡಿದ ನೌಕರಿ ಒಂದು ಬಗೆಯ ಸೆರೆಯೆಂದೂ ಅದರಿಂದ ಪಾರಾಗಿ ಸೇರಿಕೊಂಡ ಕಲೆಯೇ ಆ ವ್ಯಕ್ತಿಯ ನಿಜವಾದ ಬಾಳೆಂದೂ ಅಂಥ ಬರಹಗಳು ಭಾವಿಸುತ್ತವೆ. ಚಂಡೀಗಢದ ರಾಕ್ ಗಾರ್ಡನ್ನಿನ ನಿರ್ಮಾಪಕ ನೇಕ್ ಚಂದ್ ಸೈನಿಯವರ (1924–2015) ಕಥೆಯೂ ಜನಪ್ರಿಯ ಬರಹಗಳಲ್ಲಿ ಹೀಗೆಯೇ ಚಲಾವಣೆಯಲ್ಲಿದೆ: ಹಗಲು ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರು, ಇರುಳು ಗುಟ್ಟಾಗಿ ಶಿಲ್ಪಿ. ಹಗಲಿರುಳುಗಳ ಈ ವಿಭಜನೆ ಕೇಳಲು ಸೊಗಸಾಗಿದ್ದರೂ ಕೃತಿಯನ್ನು ನೋಡುವ ಕಣ್ಣಿಗೆ ಅಡ್ಡಿಯಾಗುತ್ತದೆ. ಅವರ ಶಿಲ್ಪದ ಸಾಮಗ್ರಿ, ತಂತ್ರ, ವಿಸ್ತಾರ, ಕೊನೆಗೆ ಅದು ಉಳಿದುಕೊಂಡ ಬಗೆ, ಇವೆಲ್ಲವೂ ರಸ್ತೆಯ ಕಸುಬಿನಿಂದಲೇ ಹುಟ್ಟಿದವು ಎಂಬುದನ್ನೂ, ಮೊದಲ ವೃತ್ತಿಯನ್ನು ಬದಿಗಿಟ್ಟರೆ ಎರಡನೆಯದು ಅರ್ಥವಾಗದು ಎಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ನೇಕ್ ಚಂದ್ ಹುಟ್ಟಿದ್ದು 1924ರ ಡಿಸೆಂಬರ್ 15ರಂದು, ಅವಿಭಜಿತ ಪಂಜಾಬಿನ ಶಕರ್‌ಗಢ ತಹಸೀಲಿನ ಬೇರಿಯಾನ್ ಕಲಾನ್ ಎಂಬ ಹಳ್ಳಿಯಲ್ಲಿ. ಒಕ್ಕಲು ಮನೆತನ, ಶಿಲ್ಪಶಾಸ್ತ್ರದ ಪಾಠವಾಗಲಿ ಕಲಾಶಾಲೆಯ ತರಬೇತಿಯಾಗಲಿ ಅವರಿಗೆ ಯಾವ ಕಾಲಕ್ಕೂ ದೊರೆಯಲಿಲ್ಲ. ಹೊಳೆಯ ದಂಡೆಯಲ್ಲಿ ಕಲ್ಲು, ಮರಳು, ಮಣ್ಣುಗಳಿಂದ ಕಟ್ಟಿದ ಆಟದ ಮನೆಗಳನ್ನೂ ತಾಯಿಯ ಬಾಯಿಂದ ಕೇಳಿದ ರಾಜರಾಣಿಯರ, ದೇವತೆಗಳ ಕಥೆಗಳನ್ನೂ ಅವರು ತಮ್ಮ ಪ್ರೇರಣೆಯ ಮೂಲವೆಂದು ನೆನೆಯುತ್ತಿದ್ದರು. 1947ರ ದೇಶವಿಭಜನೆಯಲ್ಲಿ ಆ ಹಳ್ಳಿ ಪಾಕಿಸ್ತಾನಕ್ಕೆ ಸೇರಿತು, ಕುಟುಂಬ ಗಡಿಯ ಈಚೆಗೆ ಬಂತು. ಬಾಲ್ಯದ ಮರಳಿನಾಟಕ್ಕೂ ಮುಂದಿನ ಶಿಲ್ಪಲೋಕಕ್ಕೂ ನೇರವಾಗಿ ಗೆರೆ ಎಳೆದುಬಿಡುವುದು ಸುಲಭ. ಆದರೆ ಆಟದ ಮನೆ ಕಟ್ಟದ ಮಕ್ಕಳು ಯಾವ ಹಳ್ಳಿಯಲ್ಲಿಯೂ ಇಲ್ಲದಿರುವುದರಿಂದ, ಆ ನೆನಪು ಕೃತಿಯಾಗಿ ಗಟ್ಟಿಗೊಳ್ಳಲು ಬೇಕಾದ ಒತ್ತಡ ಎಲ್ಲಿಂದ ಬಂತೆಂಬುದನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಲಾಹೋರನ್ನು ಕಳೆದುಕೊಂಡ ಭಾರತದ ಪಂಜಾಬಿಗೆ ಹೊಸ ರಾಜಧಾನಿಯೊಂದು ಬೇಕಾಗಿತ್ತು. ಆಲ್ಬರ್ಟ್ ಮೇಯರ್ ಮತ್ತು ಮ್ಯಾಥ್ಯೂ ನೋವಿಟ್ಸ್ಕಿ ಮೊದಲ ಯೋಜನೆ ರೂಪಿಸಿದರು. 1950ರಲ್ಲಿ ನೋವಿಟ್ಸ್ಕಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಆ ಹೊಣೆ ಲ ಕಾರ್ಬೂಸಿಯೇ ಅವರಿಗೆ ಬಂತು. ನಗರಕ್ಕಾಗಿ ಆಯ್ದ ನೆಲ ಖಾಲಿಯಾಗಿರಲಿಲ್ಲ. ಅಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳನ್ನು ತೆರವುಗೊಳಿಸಲಾಯಿತು. ಒಡೆದ ಮಡಕೆ, ಹೆಂಚು, ಗೋಡೆಯ ಚೂರು, ಮನೆಮಂದಿಯ ಹರಕುಮುರುಕು ಸಾಮಾನುಗಳ ಗುಡ್ಡೆಗಳು ಹೊಸ ಸೆಕ್ಟರುಗಳ ಅಂಚಿನಲ್ಲಿ ಬೆಳೆದವು. 1950ರ ದಶಕದ ಆರಂಭದಲ್ಲಿ ಚಂಡೀಗಢಕ್ಕೆ ಬಂದು ರಸ್ತೆ ಇನ್‌ಸ್ಪೆಕ್ಟರ್ ಆಗಿ ಸೇರಿಕೊಂಡ ನೇಕ್ ಚಂದ್ ಸ್ವತಃ ಊರು ಕಳೆದುಕೊಂಡವರು. ಇತರರ ಊರುಗಳು ಅಳಿಸಿಹೋಗಿ ಅಲ್ಲಿ ನೇರ ರಸ್ತೆಗಳು ಮೂಡುವ ಕೆಲಸಕ್ಕೆ ಈಗ ಅವರೇ ಇಲಾಖೆಯ ಕೈಯಾಗಿದ್ದರು. ಬಾಲ್ಯದ ನೆನಪನ್ನು ಒತ್ತಡಕ್ಕೆ ಗುರಿಮಾಡಿದ ಸನ್ನಿವೇಶ ಇದೇ ಎಂದು ಊಹಿಸಲು ಸಾಕಷ್ಟು ಆಧಾರವಿದೆ, ಏಕೆಂದರೆ ಅವರ ಶಿಲ್ಪಗಳು ಮೈತಳೆದದ್ದು ಆ ಗುಡ್ಡೆಗಳಿಂದಲೇ.

ರಸ್ತೆ ಇನ್‌ಸ್ಪೆಕ್ಟರನ ಕೆಲಸವೆಂದರೆ ನೆಲದ ಇಳುಕಲು ನೋಡುವುದು, ಜಲ್ಲಿ–ಡಾಂಬರುಗಳ ಲೆಕ್ಕ ಇಡುವುದು, ಮೋರಿ ಮತ್ತು ತಡೆಗೋಡೆಗಳ ಕೆಲಸವನ್ನು ಮುಂದೆ ನಿಂತು ಮಾಡಿಸುವುದು, ಕೂಲಿಗಳ ಹಾಜರಿ ಬರೆಯುವುದು. ಯಾವ ಸಾಮಾನು ಎಲ್ಲಿ ಬಿದ್ದಿದೆ, ಯಾವುದು ಇನ್ನೂ ಉಪಯೋಗಕ್ಕೆ ಬರುತ್ತದೆ, ಯಾವುದನ್ನು ಎಸೆದರೆ ಯಾರೂ ಕೇಳುವುದಿಲ್ಲ ಎಂಬ ತಿಳಿವಳಿಕೆ ಈ ಕಸುಬಿನ ಜೊತೆಗೇ ಬರುತ್ತದೆ. ನೇಕ್ ಚಂದ್ ಅವರ ಉಸ್ತುವಾರಿಯಲ್ಲಿದ್ದ ಇಲಾಖೆಯ ಉಗ್ರಾಣ ನಗರದ ಉತ್ತರದ ಅಂಚಿನಲ್ಲಿ, ಕಟ್ಟಡ ನಿಷೇಧಿಸಲಾಗಿದ್ದ ಕುರುಚಲು ಕಾಡಿನ ಬಳಿ ಇತ್ತು. 1958ರ ಸುಮಾರಿಗೆ ಅವರು ಸೈಕಲ್ಲಿನ ಮೇಲೆ ಸುಖ್ನಾ ಚೋ, ಪಟಿಯಾಲಿ ಕೀ ರಾವ್, ಘಗ್ಗರ್ ಹೊಳೆಗಳ ಪಾತ್ರಗಳಿಂದ ಕಲ್ಲುಗಳನ್ನು ತಂದು ಅಲ್ಲಿ ಕೂಡಿಡತೊಡಗಿದರು. 'ಚೋ' ಎಂದರೆ ಶಿವಾಲಿಕ್ ಬೆಟ್ಟಗಳಿಂದ ಮಳೆಗಾಲದಲ್ಲಿ ಮಾತ್ರ ರಭಸವಾಗಿ ಇಳಿದು ಉಳಿದ ದಿನಗಳಲ್ಲಿ ಒಣಗಿರುವ ತೊರೆ. ಸವೆದು ಮನುಷ್ಯ, ಹಕ್ಕಿ, ಮೃಗಗಳ ಆಕಾರ ಪಡೆದ ಕಲ್ಲುಗಳು ಅದರ ಪಾತ್ರದಲ್ಲಿ ಹೇರಳ. ಸುಮಾರು ಏಳು ವರ್ಷ ಅವರು ಮಾಡಿದ್ದು ಸಂಗ್ರಹವನ್ನು ಮಾತ್ರ. ಕಟ್ಟುವ ಕೆಲಸ 1965ರ ಹೊತ್ತಿಗೆ ಮೊದಲಾಯಿತು. ಸ್ಫೂರ್ತಿ ಬಂದ ಗಳಿಗೆಗೆ ಉಳಿ ಹಿಡಿಯುವ ಶಿಲ್ಪಿಯ ಕಲ್ಪನೆಗೆ ಈ ಏಳು ವರ್ಷ ಹೊಂದುವುದಿಲ್ಲ. ಕೆಲಸ ಶುರುಮಾಡುವ ಮುನ್ನ ಸಾಮಾನೆಲ್ಲ ಜಾಗದಲ್ಲಿ ಬಂದು ಬೀಳಬೇಕೆಂಬುದು ಇಲಾಖೆಯ ಶಿಸ್ತು.

ತಂತ್ರದಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟ. ಶಿಲ್ಪಗಳ ಒಳಗಿನ ಹಂದರ ಬಹುಪಾಲು ಗುಜರಿ ಕಬ್ಬಿಣ, ಮುಖ್ಯವಾಗಿ ಹಳೆಯ ಸೈಕಲ್ಲುಗಳ ಭಾಗಗಳು. ಫೋರ್ಕು ಕಾಲಾಗುತ್ತದೆ, ಫ್ರೇಮು ಒಡಲಾಗುತ್ತದೆ, ಸೀಟು ಪ್ರಾಣಿಯ ತಲೆಯಾಗುತ್ತದೆ. ಅದರ ಮೇಲೆ ಒರಟು ಕಾಂಕ್ರೀಟು, ಅದರ ಮೇಲೆ ನುಣ್ಣನೆಯ ಸಿಮೆಂಟಿನ ಗಿಲಾವು; ಗಿಲಾವು ಹಸಿಯಾಗಿರುವಾಗಲೇ ಬಳೆ ಚೂರು, ಒಡೆದ ಪಿಂಗಾಣಿ ಬಟ್ಟಲು, ಕುಲುಮೆಯ ಕಿಟ್ಟ, ಹೊಳೆಯ ಉರುಟುಗಲ್ಲುಗಳನ್ನು ಒತ್ತಿ ಚರ್ಮ ಮೂಡಿಸಲಾಗುತ್ತದೆ. ಬಂಡೆಯಿಂದ ಬೇಡದ್ದನ್ನು ಕೆತ್ತಿ ತೆಗೆಯುವ ಕ್ರಮ ಇದಲ್ಲ, ಪದರದ ಮೇಲೆ ಪದರ ಹಾಕಿ ಗಟ್ಟಿಮಾಡುವ ಕ್ರಮ. ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮೇಲುಪದರ ಎಂದು ರಸ್ತೆ ಮೇಲೇಳುವ ರೀತಿಗೂ ಇದಕ್ಕೂ ಇರುವ ಹೋಲಿಕೆಯನ್ನು ಕಲಾವಿಮರ್ಶಕರಿಗಿಂತ ಮೇಸ್ತ್ರಿಗಳು ಬೇಗ ಗುರುತಿಸಿಯಾರು.

ಪರಂಪರಾಗತ ಶಿಲ್ಪಕ್ಕೂ ಈ ಕೆಲಸಕ್ಕೂ ಇರುವ ಅಂತರವನ್ನು ಅಳೆಯಲು ತಾಲಮಾನವನ್ನು ನೆನೆಯಬಹುದು. ವಿಗ್ರಹದ ಮುಖದ ಉದ್ದವನ್ನು ಒಂದು ತಾಲವೆಂದು ಹಿಡಿದು, ಅದನ್ನು 12 ಅಂಗುಲಗಳಾಗಿ ಭಾಗಿಸಿ, ದೇಹದ ಉಳಿದ ಅಂಗಗಳನ್ನೆಲ್ಲ ಆ ಅಳತೆಗೆ ಒಪ್ಪಿಸುವ ಪದ್ಧತಿಗೆ ತಾಲಮಾನ ಎಂದು ಹೆಸರು. ದೊಡ್ಡ ದೇವತೆಗಳಿಗೆ ನವತಾಲ, ದಶತಾಲಗಳೂ ಗಣಪತಿಗೆ ಪಂಚತಾಲವೂ ವಿಹಿತ. ಅಳತೆ ಮೊದಲು, ಕಲ್ಲು ಆಮೇಲೆ. ನೇಕ್ ಚಂದ್ ಅವರಲ್ಲಿ ಕ್ರಮ ತಿರುಗುಮುರುಗಾಗಿದೆ: ಸಿಕ್ಕ ಸೈಕಲ್ ಫೋರ್ಕಿನ ಉದ್ದವೇ ಕಾಲಿನ ಉದ್ದವನ್ನು ಗೊತ್ತುಮಾಡುತ್ತದೆ, ಮುಖ ಆ ಕಾಲಿಗೆ ಹೊಂದಿಕೊಳ್ಳುತ್ತದೆ. ಹಾಗೆಂದು ಇಲ್ಲಿ ಪ್ರಮಾಣವೇ ಇಲ್ಲವೆನ್ನಲಾಗದು. ಕಾರ್ಖಾನೆಯಲ್ಲಿ ಸಿದ್ಧವಾದ ಭಾಗಗಳ ಅಳತೆ ಒಂದೇ ಆಗಿರುವುದರಿಂದ ಅವುಗಳನ್ನು ಹೊತ್ತ ನೂರಾರು ಮೂರ್ತಿಗಳಿಗೆ ತಾನಾಗಿಯೇ ಒಂದು ಕುಲಸಾಮ್ಯ ಬಂದಿದೆ. ಸಾಲುಸಾಲಾಗಿ ನಿಂತ ಹೆಂಗಸರು, ಗಂಡಸರು, ಕೋತಿಗಳು, ಹಂಸಗಳು ಒಂದೇ ಊರಿನವರಂತೆ ಕಾಣುವುದು ಈ ಕಾರಣಕ್ಕೆ.

ಬಿಡಿ ಮೂರ್ತಿಗಳಿಗಿಂತ ಹೆಚ್ಚು ಗಮನಕ್ಕೆ ಅರ್ಹವಾದದ್ದು ಅವು ನಿಂತಿರುವ ನೆಲ. ಉದ್ಯಾನದೊಳಗೆ ನೇರ ದಾರಿ ಎಂಬುದಿಲ್ಲ. ಇಕ್ಕಟ್ಟಾದ ಓಣಿಗಳು ತಿರುಗಿ ತಿರುಗಿ ಅಂಗಳಗಳಿಗೆ ಬಾಯ್ದೆರೆಯುತ್ತವೆ; ತಗ್ಗಿದ ಬಾಗಿಲುಗಳು ಬಂದವರು ತಲೆಬಾಗಿಯೇ ಒಳಹೋಗುವಂತೆ ಮಾಡುತ್ತವೆ; ಒಂದು ಅಂಗಳದಿಂದ ಇನ್ನೊಂದು ಕಾಣುವುದಿಲ್ಲ. ಗೋಡೆಗಳಲ್ಲಿ ಕೆಲವು ಖಾಲಿ ಡಾಂಬರು ಡ್ರಮ್ಮುಗಳವು, ಕೆಲವು ತೇವ ತಗುಲಿ ಗಟ್ಟಿಯಾದ ಸಿಮೆಂಟು ಚೀಲಗಳವು. ಗೋಣಿ ಕೊಳೆತುಹೋದ ಮೇಲೂ ಅದರ ನೇಯ್ಗೆಯ ಗುರುತು ಸಿಮೆಂಟಿನ ಮೇಲೆ ಉಳಿದು ಬಂಡೆಗೆ ಮೈಬಂದಂತೆ ತೋರುತ್ತದೆ. ಚೌಕ ಸೆಕ್ಟರುಗಳ ನಗರಕ್ಕೆ ಅಂಟಿಕೊಂಡೇ ಇರುವ ಈ ಅಂಕುಡೊಂಕು ವಿನ್ಯಾಸವನ್ನು ಕಾರ್ಬೂಸಿಯೇ ಅವರ ಯೋಜನೆಗೆ ಕೊಟ್ಟ ಉತ್ತರವೆಂದು ಅನೇಕರು ಓದಿದ್ದಾರೆ. ಆ ಓದಿನಲ್ಲಿ ತಥ್ಯವಿದ್ದರೂ ಅದಕ್ಕೆ ತಿದ್ದುಪಡಿಯೂ ಬೇಕು. ಓಣಿ, ಅಂಗಳ, ತಗ್ಗು ಬಾಗಿಲುಗಳು ಪಂಜಾಬಿನ ಹಳ್ಳಿಯ ನೆನಪಾದರೆ, ಕೊರಕಲುಬಿದ್ದ ಇಳಿಜಾರಿನಲ್ಲಿ ಅವು ಮಳೆಗೆ ಕೊಚ್ಚಿಹೋಗದಂತೆ ಹಿಡಿದಿಟ್ಟದ್ದು ತಡೆಗೋಡೆಯ ಮತ್ತು ನೀರಿಳಿಸುವ ವಿದ್ಯೆ. ಅದು ಆಧುನಿಕ ನಗರವನ್ನು ಕಟ್ಟಿದ ಇಲಾಖೆಯದೇ.

ಚಂಡೀಗಢಕ್ಕಾಗಿ ಕಾರ್ಬೂಸಿಯೇ ರೂಪಿಸಿದ ಶಾಸನಪತ್ರದಲ್ಲಿ ವ್ಯಕ್ತಿಗಳ ಪ್ರತಿಮೆಗಳನ್ನು ನಗರದಲ್ಲಾಗಲಿ ಉದ್ಯಾನಗಳಲ್ಲಾಗಲಿ ನಿಲ್ಲಿಸಕೂಡದೆಂಬ ನಿಯಮವಿದೆ. ನೇಕ್ ಚಂದ್ ಅವರ ಮೂರ್ತಿಗಳೆಲ್ಲ ಹೆಸರಿಲ್ಲದ ಜನರಾದ್ದರಿಂದ ಆ ನಿಯಮವೊಂದನ್ನಾದರೂ ಅವರು ಮುರಿಯಲಿಲ್ಲ ಎನ್ನಬೇಕು. ಕಾರ್ಬೂಸಿಯೇ ಅತ್ಯಂತ ಹಂಬಲಿಸಿದ್ದ 'ತೆರೆದ ಕೈ' ಸ್ಮಾರಕ ಎದ್ದು ನಿಂತದ್ದು 1985ರಲ್ಲಿ. ಅನುಮತಿಯಿಲ್ಲದೆ ಹುಟ್ಟಿದ ಶಿಲ್ಪೋದ್ಯಾನ ಅದಕ್ಕೆ ಒಂಬತ್ತು ವರ್ಷ ಮೊದಲೇ ಸಾರ್ವಜನಿಕರಿಗೆ ತೆರೆದಿತ್ತು.

ಗುಟ್ಟು ಹೊರಬಿದ್ದ ಪ್ರಸಂಗವನ್ನು ದೀರ್ಘವಾಗಿ ಬಣ್ಣಿಸಬೇಕಿಲ್ಲ. 1970ರ ದಶಕದ ಪೂರ್ವಾರ್ಧದಲ್ಲಿ ಅಧಿಕಾರಿಗಳ ಕಣ್ಣಿಗೆ ಅದು ಬಿದ್ದಾಗ ಕಾನೂನಿನ ಪ್ರಕಾರ ಅದು ಸರ್ಕಾರಿ ನೆಲದ ಒತ್ತುವರಿ, ಒಡೆದುಹಾಕಬೇಕಾದದ್ದು. ನಗರದ ಹಸಿರು ಯೋಜನೆಗೆ ಕಾರಣರಾದ ಎಂ. ಎಸ್. ರಂಧಾವಾ ಅಂಥವರು ಉಳಿಸಿಕೊಳ್ಳುವ ಪರವಾಗಿ ನಿಂತರು. 1976ರಲ್ಲಿ ಉದ್ಯಾನ ಜನರಿಗೆ ತೆರೆಯಿತು. ಅದೇ ವರ್ಷ ಚಂಡೀಗಢದ ಮುಖ್ಯ ಆಯುಕ್ತರಾಗಿ ಬಂದವರು ಟಿ. ಎನ್. ಚತುರ್ವೇದಿ, ಮುಂದೆ ಕರ್ನಾಟಕದ ರಾಜ್ಯಪಾಲರಾಗಿ ಕನ್ನಡಿಗರಿಗೆ ಪರಿಚಿತರಾದವರು ಇವರೇ.

ಇಲ್ಲಿ ವಿಚಾರಿಸಬೇಕಾದದ್ದು ಸರ್ಕಾರ ನೀಡಿದ ಮನ್ನಣೆಯ ರೂಪ. ಆಡಳಿತ ಅವರಿಗೆ ಕೊಟ್ಟದ್ದು ರಾಕ್ ಗಾರ್ಡನ್ನಿನ ಸಬ್ ಡಿವಿಜನಲ್ ಎಂಜಿನಿಯರ್ ಎಂಬ ಹುದ್ದೆ, ಅಂದರೆ ಉಪವಿಭಾಗವೊಂದರ ಹೊಣೆಯ ಎಂಜಿನಿಯರು. ಜೊತೆಗೆ ಸಂಬಳ, ಸುಮಾರು 50 ಕೆಲಸಗಾರರು, ನಗರದಲ್ಲಿ ಗುಜರಿ ಸಂಗ್ರಹಿಸುವ ವ್ಯವಸ್ಥೆ. ಸೇವಾಪುಸ್ತಕದ ಭಾಷೆಯಲ್ಲಿ ಇದು ವೃತ್ತಿಬದಲಾವಣೆ ಅಲ್ಲವೇ ಅಲ್ಲ, ಬಡ್ತಿ. ಆಡಳಿತಕ್ಕೆ ಶಿಲ್ಪಿಯೆಂಬ ಹುದ್ದೆ ಗೊತ್ತಿರಲಿಲ್ಲವೆಂದು ನಗುವುದು ಸುಲಭವಾದರೂ ಆ ಅರಿಯದ ನಿರ್ಧಾರ ವಸ್ತುಸ್ಥಿತಿಗೆ ಹತ್ತಿರವಾಗಿತ್ತು. ಆನಂತರದ ಹಂತಗಳಲ್ಲಿ ಎದ್ದ ಜಲಪಾತಗಳು, ಕೃತಕ ಕಣಿವೆ, ಜೋಕಾಲಿಗಳನ್ನು ತೂಗುಬಿಟ್ಟ ಕಮಾನುಸಾಲು ಒಬ್ಬಂಟಿ ಕಲಾವಿದನಿಗೆ ಎಟುಕುವ ಕೆಲಸಗಳಲ್ಲ. ನೀರೆತ್ತುವ ಪಂಪು, ಕೂಲಿಯಾಳುಗಳ ಪಾಳಿ, ಹಾಜರಿ ಪುಸ್ತಕ ಇವೆಲ್ಲ ಬೇಕು. ಈ ಘಟ್ಟದ ಶಿಲ್ಪಗಳಿಗೆ ಕೈಹಚ್ಚಿದ ಕೆಲಸಗಾರರ ಪಾಲನ್ನು ನೇಕ್ ಚಂದ್ ಒಬ್ಬರ ಹೆಸರಿಗೇ ಬರೆದುಕೊಳ್ಳುವ ವಾಡಿಕೆ ಮರುವಿಚಾರಕ್ಕೆ ತಕ್ಕದ್ದು.

ಪಾಶ್ಚಾತ್ಯ ಕಲಾಚರಿತ್ರೆ ಅವರನ್ನು ಸೇರಿಸಿರುವುದು 'ಔಟ್‌ಸೈಡರ್ ಆರ್ಟ್' ಎಂಬ ವರ್ಗಕ್ಕೆ. ಕಲಾಶಾಲೆ, ಗ್ಯಾಲರಿ, ಮಾರುಕಟ್ಟೆಗಳ ಸೋಂಕಿಲ್ಲದೆ ಹುಟ್ಟುವ ಕಲೆಗೆ ಫ್ರೆಂಚ್ ಕಲಾವಿದ ಜ್ಯಾಂ ದ್ಯುಬುಫೆ 1945ರಲ್ಲಿ 'ಆರ್ ಬ್ರೂಟ್', ಅಂದರೆ ಸಂಸ್ಕರಣಗೊಳ್ಳದ ಹಸಿ ಕಲೆ, ಎಂದು ಹೆಸರಿಟ್ಟರು. ರೋಜರ್ ಕಾರ್ಡಿನಲ್ 1972ರ ತಮ್ಮ ಪುಸ್ತಕದಲ್ಲಿ ಅದನ್ನು ಇಂಗ್ಲಿಷಿಗೆ ಒಗ್ಗಿಸಿದರು. ದ್ಯುಬುಫೆ ಸ್ವತಃ ದ್ರಾಕ್ಷಾರಸದ ವ್ಯಾಪಾರ ಬಿಟ್ಟು ನಲವತ್ತರ ವಯಸ್ಸಿನಲ್ಲಿ ಪೂರ್ಣಾವಧಿ ಕಲೆಗೆ ಬಂದವರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಈ ವರ್ಗದ ಹಿರಿಯರಲ್ಲಿ ಒಬ್ಬರು ಫ್ರಾನ್ಸಿನ ಓತ್‌ರೀವ್ ಹಳ್ಳಿಯ ಅಂಚೆಯವ ಫರ್ಡಿನಾಂಡ್ ಶೆವಾಲ್. 1879ರಲ್ಲಿ ದಾರಿಯಲ್ಲಿ ಎಡವಿದ ಕಲ್ಲೊಂದರ ಆಕಾರಕ್ಕೆ ಮನಸೋತು, ಅಂಚೆ ಹಂಚುವ ದಾರಿಯಲ್ಲೇ ಕಲ್ಲುಗಳನ್ನು ಆಯ್ದು, 33 ವರ್ಷ ದುಡಿದು 1912ರಲ್ಲಿ ತಮ್ಮ 'ಆದರ್ಶ ಅರಮನೆ'ಯನ್ನು ಮುಗಿಸಿದರು. ಅವರು ತೀರಿಕೊಂಡ 1924ರಲ್ಲಿಯೇ ನೇಕ್ ಚಂದ್ ಹುಟ್ಟಿದರೆಂಬುದು ಬರಿಯ ಕಾಕತಾಳೀಯ. ಲಾಸ್ ಏಂಜಲೀಸಿನ ವಾಟ್ಸ್ ಗೋಪುರಗಳನ್ನು 1921ರಿಂದ 1954ರವರೆಗೆ ಒಬ್ಬರೇ ಕಟ್ಟಿದ ಸೈಮನ್ ರೋಡಿಯಾ ಕಟ್ಟಡಕಾರ್ಮಿಕರು. ಉಕ್ಕಿನ ಹಂದರದ ಮೇಲೆ ಗಾರೆ ಮೆತ್ತಿ ಹೆಂಚು, ಗಾಜಿನ ಚೂರು ಕೂರಿಸುವ ಅವರ ರೀತಿ ನೇಕ್ ಚಂದ್ ಅವರದಕ್ಕೆ ತೀರ ಸಮೀಪ. ಮೂವರಲ್ಲಿಯೂ ಕಲೆಯ ದಾರಿ ಕಸುಬಿನ ದಾರಿಯೊಳಗಿಂದಲೇ ಹೊರಟಿರುವಾಗ 'ಹೊರಗಿನವರು' ಎಂಬ ಹೆಸರು ಏನನ್ನು ವಿವರಿಸುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಕಲಾಸಂಸ್ಥೆಗಳ ಹೊರಗಿದ್ದ ಇವರು ಕೆಲಸದ ಲೋಕದ ನಟ್ಟನಡುವೆ ಇದ್ದವರು.

ಕರ್ನಾಟಕದಲ್ಲಿ ರಾಕ್ ಗಾರ್ಡನ್ ಎಂದೊಡನೆ ನೆನಪಾಗುವುದು ಹಾವೇರಿ ಜಿಲ್ಲೆಯ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಅದರ ರೂವಾರಿ ಟಿ. ಬಿ. ಸೊಲಬಕ್ಕನವರ ಕಲೆಯನ್ನೇ ಮೊದಲ ಕಸುಬಾಗಿ ಹಿಡಿದವರು. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಸಿಮೆಂಟಿನಲ್ಲಿ ಯಥಾವತ್ತಾಗಿ ದಾಖಲಿಸುವುದು ಅಲ್ಲಿನ ಗುರಿ. ಅಲ್ಲಿ ಎತ್ತು ಎತ್ತಿನಂತೆಯೇ ಇರಬೇಕು. ಚಂಡೀಗಢದಲ್ಲಿ ಎತ್ತು ತನ್ನ ಹಿಂದಿನ ಜನ್ಮದ ಸೈಕಲ್ಲನ್ನೂ ಅರ್ಧ ನೆನಪಿಟ್ಟುಕೊಂಡಿರುತ್ತದೆ. ಹೆಸರೊಂದೇ ಆದರೂ ಎರಡೂ ಬೇರೆ ಬೇರೆ ಜಾಡಿನ ಕೃತಿಗಳು.

1984ರಲ್ಲಿ ಪದ್ಮಶ್ರೀ ಬಂತು, ಹೊರದೇಶಗಳಿಂದ ಕರೆಗಳು ಬಂದವು. ಆದರೂ 1990ರ ಆಸುಪಾಸಿನಲ್ಲಿ ರಸ್ತೆಯೊಂದಕ್ಕಾಗಿ ಉದ್ಯಾನದ ಭಾಗವನ್ನು ಕೆಡವಲು ಬುಲ್ಡೋಜರುಗಳು ಬಂದಾಗ ಜನ ಅಡ್ಡ ನಿಂತು ತಡೆಯಬೇಕಾಯಿತು, 1996ರಲ್ಲಿ ಅವರು ವಿದೇಶದಲ್ಲಿದ್ದಾಗ ಹಲವು ಮೂರ್ತಿಗಳು ಪುಂಡರ ಕೈಗೆ ಸಿಕ್ಕಿ ಒಡೆದವು. ರಸ್ತೆಯವನ ಕೃತಿಗೆ ರಸ್ತೆಯೇ ಎದುರಾಳಿಯಾದದ್ದು ಆ ನಗರದ ಒಳವಿರೋಧಗಳಲ್ಲಿ ಒಂದು.

ವಾಷಿಂಗ್ಟನ್ನಿನ ಮಕ್ಕಳ ವಸ್ತುಸಂಗ್ರಹಾಲಯಕ್ಕಾಗಿ ಅವರು 1980ರ ದಶಕದ ಮಧ್ಯದಲ್ಲಿ ರಚಿಸಿದ ಉದ್ಯಾನವನ್ನು 2004ರಲ್ಲಿ ಕಳಚಲಾಯಿತು. ವಿಸ್ಕಾನ್ಸಿನ್ ರಾಜ್ಯದ ಷೆಬಾಯ್ಗನ್ ಊರಿನ ಜಾನ್ ಮೈಕೆಲ್ ಕೋಹ್ಲರ್ ಕಲಾಕೇಂದ್ರದಲ್ಲಿಯೂ ಅವರ ಮೂರ್ತಿಗಳ ದೊಡ್ಡ ಸಂಗ್ರಹವಿದೆ. ಬಿಸಿಲುಮಳೆಗಳ ಕಾಟವಿಲ್ಲದ ಸೂರಿನಡಿ ಅವುಗಳ ಬಳೆ ಚೂರುಗಳನ್ನು ಹತ್ತಿರದಿಂದ ನೋಡಬಹುದು, ಗಿಲಾವಿನ ಮೇಲೆ ಬೆರಳು ಒತ್ತಿದ ಗುರುತನ್ನೂ ಅಧ್ಯಯನ ಮಾಡಬಹುದು. ವಿದ್ವಾಂಸರಿಗೆ ಇದರಿಂದ ಲಾಭವೇ. ಆದರೆ ಅಲ್ಲಿಗೆ ಹೋದದ್ದು ಮೂರ್ತಿಗಳು ಮಾತ್ರ. ಅವುಗಳ ಬೆನ್ನಿಗಿದ್ದ ಡ್ರಮ್ಮಿನ ಗೋಡೆ, ಕಾಲಡಿಯ ಇಳಿಜಾರು, ಆ ಇಳಿಜಾರಿನ ಮಳೆನೀರನ್ನು ಸಾಗಿಸುವ ಮೋರಿ ಇವು ಸುಖ್ನಾದ ಬಳಿಯೇ ಉಳಿದಿವೆ.