ಅಮೆರಿಕದ ಮೋಟಾರಿಗೆ ನಮ್ಮೂರಿನ ಎಂಜಿನ್ನು



ಕಳೆದ ತಿಂಗಳು ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮೊಬೈಲಿಗೆ ಒಂದು ಚಿತ್ರವನ್ನು ಕಳುಹಿಸಿದನು. ಶಿರಹಟ್ಟಿಯ ಹುಡುಗ. ಗಣಿತದಲ್ಲಿ ಚುರುಕು, ಕನ್ನಡದಲ್ಲಿ ಒತ್ತಕ್ಷರಗಳ ಶತ್ರು. ಚಿತ್ರದಲ್ಲಿದ್ದುದು ಕೆಂಪು ಬಣ್ಣದ ಫೋರ್ಡ್ ಮಸ್ಟಾಂಗ್ ಕಾರು. ಅವನು ಅದನ್ನು ಎರಡನೆಯ ಕೈಯಲ್ಲಿ ಕೊಂಡು, ಸೈಲೆನ್ಸರ್ ಬದಲಿಸಿ, ಸ್ಪ್ರಿಂಗು ತಗ್ಗಿಸಿ, ಎಂಜಿನ್ನಿನ ಶಕ್ತಿಯನ್ನೂ ಹೆಚ್ಚಿಸಿ, ಈಗ ಮಾರಲು ಹೊರಟಿದ್ದನು. "ಸರ್, ಜಾಹೀರಾತು ಕನ್ನಡದಾಗೂ ಬರದೇನ್ರಿ. ಸ್ವಲ್ಪ ತಿದ್ದಿಕೊಡ್ರಿ" ಎಂದು ಅವನ ಕೋರಿಕೆ. ತಿದ್ದಲು ಕುಳಿತವನಿಗೆ ಕಾರಿನ ಮೂತಿಯ ಮೇಲಿನ ಉಬ್ಬು ಕಣ್ಣಿಗೆ ಬಿದ್ದಿತು. ಅಂಥದೇ ಉಬ್ಬಿದ್ದ ಒಂದು ಅಮೆರಿಕನ್ ಕಾರನ್ನು ನಾನು ಲಕ್ಷ್ಮೇಶ್ವರದಲ್ಲಿ ಬಾಲ್ಯದಲ್ಲಿ ಕಂಡಿದ್ದೆ. ಅದರ ಮಾರಾಟದ ಕಾಗದವನ್ನು ಬರೆದವನೂ ನಾನೇ.

ಅಮೆರಿಕದ ವಸ್ತುವನ್ನು ತಂದು ನಮ್ಮ ನೆಲಕ್ಕೆ ಒಗ್ಗಿಸಿಕೊಳ್ಳುವುದು ನಮ್ಮ ಸೀಮೆಗೆ ಹೊಸದಲ್ಲ. 1840ರ ದಶಕದಲ್ಲಿ ಕಂಪನಿ ಸರಕಾರವು ಅಮೆರಿಕದಿಂದ ಹತ್ತಿ ಬೇಸಾಯಗಾರರನ್ನು ಕರೆಸಿ ಧಾರವಾಡ ಜಿಲ್ಲೆಯಲ್ಲಿ ನ್ಯೂ ಆರ್ಲಿಯನ್ಸ್ ಬೀಜವನ್ನು ಬಿತ್ತಿಸಿತು. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲವಿತ್ತು. ಬೇರೆಡೆ ಆ ಬೀಜ ಸೋತರೂ ನಮ್ಮ ಎರೆ ಭೂಮಿ ಅದನ್ನು ಒಪ್ಪಿಕೊಂಡಿತು. 'ಧಾರವಾಡ ಅಮೆರಿಕನ್' ಎಂಬ ಹೆಸರಿನಿಂದ ಆ ಹತ್ತಿ ಪೇಟೆಯಲ್ಲಿ ಪ್ರಸಿದ್ಧವಾಯಿತು. ಅದರ ಬೀಜ ಬಿಡಿಸಲು ಬಂದ ಗರಗಸದ ಜಿನ್ನುಗಳನ್ನು ತಯಾರಿಸಿ ರಿಪೇರಿ ಮಾಡಲು ಧಾರವಾಡದಲ್ಲಿ ಒಂದು ಕಾರ್ಖಾನೆಯೇ ಇದ್ದಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಗದಗಿನ ಹತ್ತಿಗೆ ಬಂಗಾರದ ಬೆಲೆ ಬಂದಿತು. ಅತ್ತ ಯುದ್ಧ ಮುಗಿದೊಡನೆ ಇತ್ತ ಬೆಲೆ ಕುಸಿಯಿತು. ಅಮೆರಿಕ ಸೀನಿದರೆ ಗದಗಿಗೆ ನೆಗಡಿಯಾಗುವ ಪರಿಪಾಠ ಅಂದಿನಿಂದಲೇ ಇದೆ.

ಮೋಟಾರಿನ ಕಥೆಯೂ ಹತ್ತಿಯ ಹಿಂದೆಯೇ ಬಂದುದು. ಗದಗಿಗೆ ರೈಲು ಬಂದಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ಬರಲಿಲ್ಲ. 1948ರ ವಿಲೀನದವರೆಗೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಗದಗಿನಿಂದ ಹೊರಟು ಮಧ್ಯಾಹ್ನದ ಊಟದೊಳಗೆ ಎರಡು ರಾಜರ ಸೀಮೆಗಳನ್ನು ದಾಟಬಹುದಾಗಿತ್ತು. ಚಕ್ಕಡಿಯ ಬದಲು ಮೋಟಾರಿದ್ದರೆ!

ಆ ಕಾಲದಲ್ಲಿ ಮೋಟಾರೆಂದರೆ ಬಹುಮಟ್ಟಿಗೆ ಅಮೆರಿಕದ್ದೇ. ಫೋರ್ಡ್ ಕಂಪನಿ 1926ರಲ್ಲಿ, ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯಲ್ಲಿ ನೆಲೆಯೂರಿದವು. ಬಿಡಿಭಾಗಗಳು ಹಡಗಿನಲ್ಲಿ ಬರುತ್ತಿದ್ದವು, ಜೋಡಣೆ ಇಲ್ಲಿ. ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್, ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಕುರ್ಲಾದಲ್ಲಿ ಡಾಜ್, ಪ್ಲಿಮತ್ ವಾಹನಗಳನ್ನು ಜೋಡಿಸಿತು. ಬರಿಯ ಜೋಡಣೆ ಸಾಲದು, ಇಲ್ಲಿಯೇ ತಯಾರಿಸಬೇಕು ಎಂದು 1953ರಲ್ಲಿ ಸರಕಾರ ನಿರ್ಧರಿಸಿದಾಗ ಜನರಲ್ ಮೋಟರ್ಸ್ 1954ರಲ್ಲಿ ಬಾಗಿಲು ಮುಚ್ಚಿತು. ಗಾಡಿಗಳು ಉಳಿದವು, ಅವುಗಳ ಬಿಡಿಭಾಗಗಳು ಬರುವುದು ನಿಂತಿತು. ನಮ್ಮ ಲೇತಿನ ಮಿಸ್ತ್ರಿಗಳ ಸುವರ್ಣಯುಗ ಆರಂಭವಾದುದು ಆಗಲೇ ಎಂದು ನಾನು ಭಾವಿಸುತ್ತೇನೆ.

ನನ್ನ ಕಾಕಾ 1968ರಲ್ಲಿ ಹತ್ತಿಯ ಅಡತಿ ವ್ಯಾಪಾರಿಯೊಬ್ಬರಿಂದ ಒಂದು ಪ್ಲಿಮತ್ ಕಾರನ್ನು ಕೊಂಡರು. ಗೇರಿನ ಹಿಡಿಕೆ ಸ್ಟಿಯರಿಂಗಿನ ಕೆಳಗೆ. ಮುಂದೊಂದು ಹಿಂದೊಂದು ಸೋಫಾದಂಥ ಉದ್ದನೆಯ ಆಸನ. ಕಂಪನಿಯ ಲೆಕ್ಕದಲ್ಲಿ ಆರು ಜನ, ಕಾಕಾನ ಲೆಕ್ಕದಲ್ಲಿ ಹದಿಮೂರು. ಲಕ್ಷ್ಮೇಶ್ವರದಿಂದ ಶಿರಹಟ್ಟಿಯ ಮೇಲೆ ಗದಗಿಗೆ ಅದು ಬಾಡಿಗೆ ಓಡುತ್ತಿತ್ತು. ಬೆಟಗೇರಿಯ ಸೀರೆಯ ಗಂಟು, ಹೆರಿಗೆಗೆ ಹೊರಟ ಹೆಣ್ಣುಮಕ್ಕಳು, ನಿಬ್ಬಣದವರು, ಒಮ್ಮೆ ಒಂದು ಶವ, ಎಲ್ಲವೂ ಅದರಲ್ಲಿಯೇ.

ಇತ್ತ ಹೀಗಿರುವಾಗ ಅತ್ತ ಅಮೆರಿಕದಲ್ಲಿ ಬೇರೊಂದು ಹುಚ್ಚು ಹಬ್ಬಿತ್ತು. 1964ರಲ್ಲಿ ಪಾಂಟಿಯಾಕ್ ಜಿಟಿಓ ಬಂದಿತು. ಸಾಧಾರಣ ಗಾತ್ರದ ಕಾರಿಗೆ ಭಾರಿ ಎಂಜಿನ್ನು, ಅಷ್ಟೇ ಅದರ ಗುಟ್ಟು. ಅದೇ ವರುಷದ ಏಪ್ರಿಲ್ 17ರಂದು ಫೋರ್ಡ್ ಮಸ್ಟಾಂಗ್ ಹೊರಬಂದಿತು. ಇಂಥ ಗಾಡಿಗಳಿಗೆ 'ಮಸಲ್ ಕಾರು' ಎಂಬ ಹೆಸರಾಯಿತು. ಗರಡಿಮನೆಯ ಪೈಲವಾನರಂತಹ ಕಾರುಗಳು ಎನ್ನೋಣ. ಪೈಲವಾನರಿಗೆ ಖುರಾಕು ಬೇಕಷ್ಟೆ. 1973ರಲ್ಲಿ ಅರಬ್ ದೇಶಗಳು ಎಣ್ಣೆಯನ್ನು ತಡೆಹಿಡಿದಾಗ ಖುರಾಕಿಗೇ ಕುತ್ತು ಬಂದು, ಆ ತಲೆಮಾರಿನ ಪೈಲವಾನರು ಒಬ್ಬೊಬ್ಬರಾಗಿ ಅಖಾಡದಿಂದ ಮರೆಯಾದರು.

ಅದೇ ಬಿಸಿ ನಮ್ಮ ಮನೆಗೂ ತಟ್ಟಿತು. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನನ್ನು ಸಾಕುವುದು ಕಾಕಾನಿಂದ ಆಗಲಿಲ್ಲ. 1974ರಲ್ಲಿ ಗದಗಿನ ಗ್ಯಾರೇಜೊಂದರಲ್ಲಿ ಅದನ್ನು ಇಳಿಸಿ, ಹಳೆಯ ವಾಹನವೊಂದರ ನಾಲ್ಕು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್ ಎಂಜಿನ್ನನ್ನು ಕೂಡಿಸಿದರು. ನಾನು ರಜೆಯಲ್ಲಿ ಕಾಕಾನ ಜೊತೆ ಹೋಗಿ ಅದನ್ನು ಕಣ್ಣಾರೆ ಕಂಡೆ. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ತಾಳೆಯಾಗದೆ ನಡುವೆ ಒಂದು ಉಕ್ಕಿನ ತಟ್ಟೆಯನ್ನು ಲೇತಿನಲ್ಲಿ ಕಡೆದು ಹಾಕಬೇಕಾಯಿತು. ಭಾರಕ್ಕೆ ಮೂತಿ ಬಾಗಿದ್ದರಿಂದ ಮುಂದಿನ ಸ್ಪ್ರಿಂಗುಗಳನ್ನು ಬದಲಿಸಿದರು. ಪ್ಲಿಮತ್ತಿನದು 6 ವೋಲ್ಟಿನ ಸಂಸಾರ, ಡೀಸೆಲ್ಲಿಗೆ 12 ಬೇಕು. ಎರಡು ಬ್ಯಾಟರಿಗಳು ಬಂದವು, ಬಲ್ಬುಗಳೆಲ್ಲ ಬದಲಾದವು. ಕೊನೆಗೆ ಬಾನೆಟ್ಟು ಮುಚ್ಚಲಿಲ್ಲ. ಮಿಸ್ತ್ರಿ ಎರಡು ಕ್ಷಣ ನೋಡಿ, ತಗಡನ್ನು ಚೌಕಾಗಿ ಕತ್ತರಿಸಿ, ಮೇಲೊಂದು ಡಬ್ಬಿಯನ್ನು ಬೆಸೆದುಬಿಟ್ಟನು. ಅದೇ ಆ ಉಬ್ಬು. ಅದರ ಗಡಗಡ ಸದ್ದಿಗೆ ಶಿರಹಟ್ಟಿಯಲ್ಲಿ ಹೊರಟರೆ ಲಕ್ಷ್ಮೇಶ್ವರದಲ್ಲಿ ಚಹಾಕ್ಕೆ ಇಡುತ್ತಾರೆ ಎಂದು ಜನ ನಗುತ್ತಿದ್ದರು.

ಗಾಡಿಯೇನೋ ಓಡಿತು. ಆದರೆ ಆರ್.ಸಿ. ಪುಸ್ತಕದಲ್ಲಿ ಪೆಟ್ರೋಲ್ ಎಂಜಿನ್ನು, ಅದರ ನಂಬರು ಹಾಗೆಯೇ ಉಳಿದವು. ಬದಲಾವಣೆಯನ್ನು ನೋಂದಣಿ ಅಧಿಕಾರಿಗೆ ತಿಳಿಸಬೇಕೆಂದು 1939ರ ಮೋಟಾರು ವಾಹನ ಕಾಯ್ದೆಯೂ ಹೇಳುತ್ತಿತ್ತು. ಕಾಕಾ ತಿಳಿಸಲಿಲ್ಲ.

1976ರಲ್ಲಿ ಕಾಕಾನ ಹಿರಿಯ ಮಗಳ ಮದುವೆ ಕೂಡಿಬಂದಿತು. ಕಾರನ್ನು ಮಾರಲು ಹೊರಟರು. ಮುಂಡರಗಿ ಕಡೆಯ ಒಬ್ಬ ರೈತರು ಬಂದರು. ಓದುಬರಹ ಬಲ್ಲವರಲ್ಲ. ಮಗನಿಗೊಂದು ಉದ್ಯೋಗವಾಗಲೆಂದು ಎತ್ತುಗಳನ್ನು ಮಾರಿ ಹಣ ತಂದಿದ್ದರು. ನಾನು ಆಗ ಎಸ್.ಎಸ್.ಎಲ್.ಸಿ.ಯಲ್ಲಿದ್ದೆ. ಅಕ್ಷರ ದುಂಡಗಿದ್ದುದರಿಂದ ಮನೆಯ ಕಾಗದಪತ್ರಗಳನ್ನೆಲ್ಲ ನನ್ನಿಂದಲೇ ಬರೆಸುತ್ತಿದ್ದರು. "ಗಾಡಿ ಪುಸ್ತಕದಾಗ ಇದ್ದಂಗ ಐತಿ ಅಂತ ಬರಿ" ಎಂದರು ಕಾಕಾ. ನಾನು ತಲೆಯೆತ್ತಿ ನೋಡಿದೆ. ಅವರು ಬೇರೆ ಕಡೆಗೆ ನೋಡುತ್ತಿದ್ದರು. "ಸದರಿ ವಾಹನವು ಆರ್.ಸಿ. ಪುಸ್ತಕದಲ್ಲಿ ನಮೂದಿಸಿದಂತೆಯೇ ಇರುತ್ತದೆ" ಎಂದು ಬರೆದೆ. ಆ ರೈತರು ನನ್ನ ಅಕ್ಷರವನ್ನು ನೋಡಿ, "ಮುತ್ತು ಪೋಣಿಸಿದಂಗ ಐತಿ" ಎಂದು ಹೊಗಳಿ ಹೆಬ್ಬೆಟ್ಟು ಒತ್ತಿದರು.

ಮೂರು ವಾರಗಳ ನಂತರ ಅವರು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. ಹೆಸರು ಬದಲಿಸಲು ಹೋದಾಗ ನಂಬರು ತಾಳೆಯಾಗದೆ ಗಾಡಿ ನಿಂತಿತ್ತು. ಕಾಕಾ ಮನೆಯಲ್ಲಿರಲಿಲ್ಲ. ಅವರು ಬೈಯಲಿಲ್ಲ. ಕಾಗದವನ್ನು ನನ್ನ ಮುಂದೆ ಹಿಡಿದು, "ತಮ್ಮಾ, ಇದನ್ನ ಒಮ್ಮೆ ಓದಿ ಹೇಳು" ಎಂದರು. ನಾನು ಓದಿದೆ. ಆ ಸಾಲಿಗೆ ಬಂದಾಗ ನನ್ನ ದನಿ ಹೊರಡಲಿಲ್ಲ.

ಮದುವೆಗೆ ಹಣ ಖರ್ಚಾಗಿತ್ತು. ಕಾಕಾ ಎರಡು ಎಕರೆ ಎರೆ ಹೊಲವನ್ನು ಒತ್ತೆಯಿಟ್ಟು ಅವರ ಹಣವನ್ನು ತಿರುಗಿ ಕೊಟ್ಟರು. ಹೊಲ ಮರಳಿ ನಮ್ಮ ಮನೆತನಕ್ಕೆ ಬರಲಿಲ್ಲ. ಪ್ಲಿಮತ್ತು ಹಿತ್ತಲಿನ ಬೇವಿನ ಮರದ ಕೆಳಗೆ ಎಂಟು ವರುಷ ನಿಂತಿತು, ಅದರ ಹಿಂದಿನ ಆಸನದಲ್ಲಿ ಕೋಳಿಗಳು ಮೊಟ್ಟೆಯಿಟ್ಟವು. ಅನಂತರ ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ದನು. ನಾನು ತರಗತಿಯಲ್ಲಿ ದುಂಡಗಿನ ಅಕ್ಷರಕ್ಕೆ ಪ್ರತ್ಯೇಕ ಅಂಕ ಕೊಡುವುದಿಲ್ಲವೆಂದು ನೀವೆಲ್ಲ ಗೊಣಗುತ್ತಿದ್ದಿರಲ್ಲವೆ? ಕಾರಣವನ್ನು ಈಗ ಹೇಳಿದ್ದೇನೆ.

ಮಸ್ಟಾಂಗ್ ನಮ್ಮ ದೇಶದ ಅಂಗಡಿಗೆ ಬಂದುದು 2016ರಲ್ಲಿ. ಎಂಟು ಸಿಲಿಂಡರು, ಐದು ಲೀಟರು, ಸುಮಾರು 400 ಅಶ್ವಶಕ್ತಿ, ಆರಂಭದಲ್ಲಿ ದಿಲ್ಲಿಯ ಷೋರೂಮಿನ ಬೆಲೆ 65 ಲಕ್ಷ ರೂಪಾಯಿ. 2021ರಲ್ಲಿ ಫೋರ್ಡ್ ಇಲ್ಲಿನ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಘೋಷಿಸಿತು. ಕಾನೂನು ಈಗ ಕಾಕಾನ ಕಾಲಕ್ಕಿಂತ ಬಿಗಿಯಾಗಿದೆ. 1988ರ ಕಾಯ್ದೆಯ 52ನೆಯ ಕಲಮಿಗೆ 2000ದಲ್ಲಿ ತಿದ್ದುಪಡಿಯಾಯಿತು. ತಯಾರಕರು ಮೂಲತಃ ಸೂಚಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು.

ಹುಡುಗನ ಜಾಹೀರಾತಿನಲ್ಲಿ ಒತ್ತಕ್ಷರಗಳನ್ನು ತಿದ್ದುತ್ತ ಬಂದೆ. ಕೊನೆಯ ಸಾಲು ಹೀಗಿತ್ತು: "ಎಲ್ಲಾ ಕಾಗದಪತ್ರಗಳು ಸರಿಯಾಗಿವೆ." ಅದರಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ನಾನು ಫೋನು ಮಾಡಿದೆ.

"ತಮ್ಮಾ, ನೀ ಬದಲಿ ಮಾಡಿದ್ದೆಲ್ಲ ಪುಸ್ತಕದಾಗ ಬಂದದೇನು?"

ಅವನು ತುಸು ಹೊತ್ತು ಸುಮ್ಮನಿದ್ದನು. "ಇಲ್ರಿ ಸರ್. ಎಲ್ಲಾರೂ ಹಿಂಗ ಬರೀತಾರ್ರಿ."

ಪ್ಲಿಮತ್ತಿನ ಕಥೆಯನ್ನು ಅವನಿಗೆ ಹೇಳಿದೆ. ಫೋನಿನಲ್ಲಿ ನಲವತ್ತು ನಿಮಿಷ ಹಿಡಿಯಿತು. ಮರುದಿನ ಅವನು ಹೊಸ ಜಾಹೀರಾತನ್ನು ಕಳುಹಿಸಿದನು. ಬದಲಿಸಿದ ಭಾಗಗಳ ಪಟ್ಟಿ ಅದರಲ್ಲಿತ್ತು, ಮೂಲ ಭಾಗಗಳನ್ನು ತಿರುಗಿ ಜೋಡಿಸಿಯೇ ಕೊಡಲಾಗುವುದು ಎಂಬ ಮಾತೂ ಇತ್ತು. ಕೊಳ್ಳಲು ಬಂದಿದ್ದ ಇಬ್ಬರು ಹಿಂದೆ ಸರಿದರಂತೆ. ಕಾರು ಇನ್ನೂ ಮಾರಾಟವಾಗಿಲ್ಲ. ಮೂಲ ಸೈಲೆನ್ಸರ್ ಶಿರಹಟ್ಟಿಯಲ್ಲಿ ಅವರಪ್ಪನ ಮನೆಯ ಅಟ್ಟದ ಮೇಲಿದೆಯಂತೆ. ಬರುವ ವಾರ ಇಳಿಸಲು ಬರುತ್ತಾನೆ, ಆಗ ನಮ್ಮಲ್ಲಿಗೂ ಊಟಕ್ಕೆ ಬರಹೇಳಿದ್ದೇನೆ.