ಭೂತ ಹೇಳಿದ ವಾರಸು, ಸಂಸತ್ತು ಬದಲಿಸಿದ ವಾರಸು

ಕರೆಯದೆ ಹೊಸ್ತಿಲು ದಾಟಲಾರದ ವ್ಯಾಂಪೈರ್ ಯುರೋಪಿನದು. ಪುಂಜಾಲಕಟ್ಟೆ ಸುತ್ತಲಿನ ಹಳೇ ತುಳು ಮನೆಗಳಲ್ಲಿ ಭೂತ ಮನೆಯೊಳಗೇ ಇದೆ. ಆಸ್ತಿ ಯಾರಿಗೆ ಅಂತ ಹೇಳಿದ್ದೂ ಭೂತವೇ ಅನ್ನುತ್ತದೆ ಐತಿಹ್ಯ: ಕುಂಡೋದರ ಬಲಿ ಕೇಳಿದಾಗ ಹೆಂಡತಿ ಮಗನನ್ನು ಕೊಡಲಿಲ್ಲ, ಸೋದರಿ ಕೊಟ್ಟಳು. ಅದಕ್ಕೇ ಆಸ್ತಿ ಅಳಿಯನಿಗೆ. ಇದು ಭೂತಾಳ ಪಾಂಡ್ಯನ ಹೆಸರಿನ ಅಳಿಯಸಂತಾನ ಕಟ್ಟು.

ಮದ್ರಾಸಿನ 1949ರ ಕಾಯ್ದೆ ಕುಟುಂಬದ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ಉಯಿಲು ಬರೆಯದೆ ಸತ್ತ ಗಂಡಸಿನ ಪಾಲು ಅಳಿಯನಿಗಲ್ಲ, ತಾಯಿ, ಹೆಂಡತಿ, ಮಕ್ಕಳಿಗೆ.

ಬಳಿ ಮಾತ್ರ ಈಗಲೂ ತಾಯಿಯದ್ದೇ. ಹಾಗಾಗಿ ಜಾಗ ಒಂದು ಬಳಿಗೆ, ಅದರಲ್ಲಿರೋ ದೈವದ ಹೊಣೆ ಇನ್ನೊಂದಕ್ಕೆ ಹೋಗಬಹುದು. ಜಗಳ ಹುಟ್ಟೋದು ಇಲ್ಲೇ. ಪಾಲುಪತ್ರದಲ್ಲಿ ಗುಡಿಯ ಜಾಗ, ದಾರಿ, ಕೋಲದ ಖರ್ಚು ಬರೆಸಿಡಿ.