ಲ್ಯಾವೆಲ್ ರಸ್ತೆಯಲ್ಲಿ ಎರಡು ರಾತ್ರಿ

ಮದುವೆಯಾಗಿ 25 ವರ್ಷ ತುಂಬಿದ್ದಕ್ಕೆ ಮಗಳು ಕೊಟ್ಟ ಉಡುಗೊರೆ ಅದು. ಅವಳ ಮೊದಲ ಸಂಬಳದಲ್ಲಿ ಬೆಂಗಳೂರಿನ ಲ್ಯಾವೆಲ್ ರಸ್ತೆಯ ಹತ್ತಿರದ ಬೂಟೀಕ್ ಹೋಟೆಲಿನಲ್ಲಿ ನಮಗೆ ಶನಿವಾರ, ಭಾನುವಾರ ಎರಡು ರಾತ್ರಿ. ನಾವಿರುವುದು ಕೆ.ಆರ್. ಪುರದಲ್ಲಿ. ಇದೇ ಊರಿನಲ್ಲಿ ಮನೆ ಇಟ್ಟುಕೊಂಡು ಲಾಡ್ಜಿಗೆ ಹೋಗುವುದೇನು ಎಂದು ಇವರು ಗೊಣಗಿದರು. ದುಡ್ಡು ವಾಪಸ್ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಸುಮ್ಮನೆ ಬ್ಯಾಗ್ ತುಂಬಿದರು.

ಹಳೆಯ ಬಂಗಲೆಯೊಂದನ್ನು ರಿಪೇರಿ ಮಾಡಿ ಮಾಡಿದ ಹೋಟೆಲು. ಹತ್ತೋ ಹನ್ನೆರಡೋ ಕೋಣೆಗಳು, ಕೆಂಪು ಆಕ್ಸೈಡ್ ನೆಲ, ತಂತಿ ಕಾಣುವ ಹಳೇ ಕಾಲದ ಬಲ್ಬುಗಳು. ಮೆನುವಿನಲ್ಲಿ ‘ಬಂಗಾರಪೇಟೆ ಪಾನಿಪುರಿ’ ಎಂದಿತ್ತು. ನಾನು ಬಂಗಾರಪೇಟೆಯವಳು. ತರಿಸಿ ನೋಡಿದೆ, ಪಾನಿ ಹಸಿರಾಗಿತ್ತು. ನಮ್ಮೂರಿನ ಪಾನಿ ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ, ಖಾರ ಬಾಯಿಗೆ ಹೋದ ಮೇಲೆಯೇ ತಿಳಿಯುವುದು. ಆ ಹುಡುಗನಿಗೆ ಹೇಳಿದೆ, ಪಾಪ, ನಕ್ಕು ‘ಶೆಫ್‌ಗೆ ಹೇಳ್ತೀನಿ ಮೇಡಂ’ ಅಂದ.

ಮೆಟ್ಟಿಲು ಹತ್ತುವ ಗೋಡೆಯ ಮೇಲೆ ಕಪ್ಪುಬಿಳುಪಿನ ಫೋಟೋಗಳಿದ್ದವು. ಕುದುರೆ ಗಾಡಿ, ಕಬ್ಬನ್ ಪಾರ್ಕು, ಟೋಪಿ ಹಾಕಿದ ಮೇಮ್‌ಸಾಹೇಬರು. ಕೊನೆಯದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಗಂಡಸರು ಬರಿಗಾಲಲ್ಲಿ ಸಾಲಾಗಿ ನಿಂತಿದ್ದರು, ಹಿಂದೆ ದೊಡ್ಡ ಕಬ್ಬಿಣದ ಗೋಪುರ, ಅದರ ತಲೆಯಲ್ಲಿ ಚಕ್ರ. ಕೆಳಗೆ ‘ಚಿನ್ನದ ಗಣಿ, ಮೈಸೂರು’ ಎಂದಷ್ಟೇ ಇಂಗ್ಲಿಷಿನಲ್ಲಿ ಬರೆದಿತ್ತು. ಇವರು ಬ್ಯಾಗ್ ಕೆಳಗಿಟ್ಟು ಅದರ ಮುಂದೆ ನಿಂತವರು ಎಷ್ಟು ಹೊತ್ತಾದರೂ ಅಲುಗಲಿಲ್ಲ. ಒಂದೊಂದೇ ಮುಖ ನೋಡುತ್ತಿದ್ದರು. ಇವರ ಅಪ್ಪ, ತಾತ ಇಬ್ಬರೂ ಚಾಂಪಿಯನ್ ರೀಫ್ಸ್ ಗಣಿಗೆ ಇಳಿದವರು.

ಆ ಫೋಟೋ ಅಲ್ಲಿ ಯಾಕಿತ್ತೋ ಹೋಟೆಲಿನವರಿಗೇ ಗೊತ್ತಿರಲಿಕ್ಕಿಲ್ಲ. ಆದರೆ ಆ ರಸ್ತೆಯಲ್ಲಿ ಅದು ಇರಬೇಕಾದದ್ದೇ. ಲ್ಯಾವೆಲ್ ಎಂದರೆ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್, ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಕಾದಾಡಿ ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದ ಐರಿಷ್ ಸೈನಿಕ. ಜಾನ್ ವಾರೆನ್ ಎಂಬ ಲೆಫ್ಟಿನೆಂಟ್ 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದಾಗ ಉರಿಗಾಂ, ಮಾರಿಕುಪ್ಪಂ ಕಡೆಯ ಜನ ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ಬರೆದಿಟ್ಟಿದ್ದ. ಆ ಬರಹ ಸುಮಾರು ಎಪ್ಪತ್ತು ವರ್ಷ ಬಿಟ್ಟು ಲ್ಯಾವೆಲನ ಕಣ್ಣಿಗೆ ಬಿತ್ತು. 1871ರಲ್ಲಿ ಎತ್ತಿನ ಗಾಡಿ ಹೂಡಿಕೊಂಡು ಕೋಲಾರದ ಕಡೆ ಹೊರಟ. 1875ರ ಹೊತ್ತಿಗೆ ಚಿನ್ನ ಅಗೆಯುವ ಪರವಾನಗಿ ಅವನ ಕೈಯಲ್ಲಿತ್ತು. ಅಗೆಯಲು ಬೇಕಾದ ಬಂಡವಾಳ ಮಾತ್ರ ಇರಲಿಲ್ಲ. ಹಕ್ಕನ್ನು ಬೇರೆಯವರಿಗೆ ಮಾರಿದ. ಈ ರಸ್ತೆಯಲ್ಲಿ ಅವನದೊಂದು ಮನೆಯಿತ್ತು, ಅದರ ಹೆಸರು ‘ಊರ್ಗಾಂ ಹೌಸ್’ ಎಂದು ಬೆಂಗಳೂರಿನ ಹಳೆಯ ನೆನಪುಗಳನ್ನು ಬರೆದವರು ಹೇಳುತ್ತಾರೆ. ನಮ್ಮ ಉರಿಗಾಂ ದೊರೆಗಳ ಬಾಯಲ್ಲಿ ಊರ್ಗಾಂ ಆಗಿ, ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲೂ ಹಾಗೇ ಉಳಿಯಿತು.

1880ರಲ್ಲಿ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿ ಬಂದ ಮೇಲೆ ನಿಜವಾದ ಚಿನ್ನ ಸಿಕ್ಕಿತು. ಬೋರಿಂಗ್ ಎಂಬ ಕಮಿಷನರನ ಹೆಸರು ಹೊತ್ತಿದ್ದ ಬೌರಿಂಗ್‌ಪೇಟೆಯಿಂದ, ಅಂದರೆ ನಮ್ಮ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಹಾಕಿದರು. ಕರೆಂಟಿನ ಕಥೆಯಂತೂ ಎಲ್ಲರಿಗೂ ಗೊತ್ತು: ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು 1902ರ ಜೂನ್ 30ರಂದು ಗಣಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರಲ್ಲಿ. ಇದನ್ನು ಕೆಜಿಎಫ್‌ನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ನಾನು ಸೊಸೆಯಾಗಿ ಹೋದ ಹೊಸದರಲ್ಲಿ ಹಾಗೆ ಹೇಳಿದ್ದಕ್ಕೆ ಅತ್ತೆ, ‘ಮೋಟರಿಗೆ ಬಂತಮ್ಮ, ನಮ್ಮ ಲೈನಿಗೆ ಆಗಲೇ ಬಂತಾ?’ ಎಂದು ಕೇಳಿದ್ದರು. ಅದರ ನಂತರ ಆ ಹೆಮ್ಮೆಯನ್ನು ಸ್ವಲ್ಪ ನೋಡಿಕೊಂಡು ಆಡುತ್ತೇನೆ.

ಯಾರು ಎಲ್ಲಿ ಮಲಗಬೇಕು ಎನ್ನುವುದು ಆ ಊರಿನಲ್ಲಿ ಮೊದಲಿನಿಂದಲೂ ಗೆರೆ ಕೊರೆದ ಹಾಗೆ ನಿಶ್ಚಯವಾಗಿತ್ತು. ದೊರೆಗಳಿಗೆ ಹೆಂಚಿನ ಬಂಗಲೆ, ತೋಟ, ಗಾಲ್ಫ್ ಮೈದಾನ, 1885ರಲ್ಲೇ ಶುರುವಾದ ಕ್ಲಬ್ಬು. ಅದಕ್ಕೇ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದವರಿಗೆ ಬಿದಿರ ತಟ್ಟಿಯ ಒಂದೇ ಕೋಣೆಯ ಗುಡಿಸಲು, ಆಮೇಲೆ ಸಾಲುಮನೆ. ಅವರಲ್ಲಿ ಬಹುಪಾಲು ದಲಿತರು, ಊರಿನ ಗೌಡರ ಜೀತಕ್ಕಿಂತ ಭೂಮಿಯ ಹೊಟ್ಟೆಯೇ ವಾಸಿ ಎಂದು ಬಂದವರು. ಇವರ ಅಜ್ಜಿ ಉರಿಗಾಂನ ಬಂಗಲೆಯೊಂದರಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಎರಡೇ ಜನರಿರುವ ಮನೆಯಿಂದ ವಾರಕ್ಕೆ ಎಷ್ಟು ಬಿಳಿ ಚಾದರ ಬರುತ್ತಿತ್ತು ಎನ್ನುವುದನ್ನು ಸಾಯುವವರೆಗೂ ಬೆರಗಿನಿಂದ ಹೇಳುತ್ತಿದ್ದರು.

ಹೋಟೆಲಿನ ಹಾಸಿಗೆಯಲ್ಲೂ ಚಾದರ ಹಾಗೇ ಬೆಳ್ಳಗಿತ್ತು. ಏಸಿ ಸದ್ದೇ ಇಲ್ಲದೆ ಓಡುತ್ತಿತ್ತು. ಮೊದಲ ರಾತ್ರಿ ಇವರಿಗೆ ನಿದ್ದೆ ಬರಲಿಲ್ಲ. ‘ಇಷ್ಟು ಸುಮ್ಮನಿದ್ದರೆ ಭಯ ಆಗುತ್ತೆ’ ಎಂದರು. ಲೈನಿನ ಮನೆಯಲ್ಲಿ ಮೂರು ಪಾಳಿಗೂ ಸೈರನ್ ಕೂಗುತ್ತಿತ್ತು, ಅದನ್ನು ಸಂಗು ಅನ್ನುತ್ತಿದ್ದರು. ಸಂಗಿಗೆ ಯಾರೂ ಎಚ್ಚರಾಗುತ್ತಿರಲಿಲ್ಲ. ಎಚ್ಚರಾಗುತ್ತಿದ್ದದ್ದು ನೆಲ ಗುಡುಗಿ, ಗೂಡಿನ ಪಾತ್ರೆ ಕುಲುಕಿದಾಗ. ಮೂರು ಕಿಲೋಮೀಟರಿಗೂ ಆಳಕ್ಕೆ ಅಗೆದ ಗಣಿಯಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿಯುತ್ತದೆ. ಆ ಸಿಡಿತವನ್ನು ಅಭ್ಯಾಸ ಮಾಡಲೆಂದೇ ವಿಜ್ಞಾನಿಗಳು ಕೆಜಿಎಫ್‌ಗೆ ಬರುತ್ತಿದ್ದರು, 1988ರಲ್ಲಿ ಶಿಲಾಯಂತ್ರ ವಿಜ್ಞಾನದ ರಾಷ್ಟ್ರೀಯ ಸಂಸ್ಥೆಯೊಂದು ಅಲ್ಲೇ ಹುಟ್ಟಿತು. ಲೈನಿನ ಹೆಂಗಸರ ಅಭ್ಯಾಸ ಬೇರೆ. ಪಾತ್ರೆ ಕುಲುಕಿದ ಕೂಡಲೇ ಎದ್ದು, ಈಗ ಯಾವ ಪಾಳಿ, ಯಾರ ಮನೆಯವರು ಕೆಳಗಿದ್ದಾರೆ ಎಂದು ಲೆಕ್ಕ ಹಾಕುವುದು. ಮಾವ ಕೆಳಗಿದ್ದ ರಾತ್ರಿಗಳಲ್ಲಿ ಅತ್ತೆ ಬಾಗಿಲು ತೆಗೆದಿಟ್ಟು ಹೊಸ್ತಿಲಲ್ಲೇ ಕೂರುತ್ತಿದ್ದರಂತೆ. ‘ನಾನು ನಿದ್ದೆ ಮಾಡೋ ಹಾಗೆ ನಟಿಸ್ತಿದ್ದೆ’ ಎಂದರು ಇವರು. ಇದನ್ನು 25 ವರ್ಷದಲ್ಲಿ ನನಗೆ ಹೇಳಿರಲಿಲ್ಲ.

ಗಣಿಯನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಅದು ಕೇಂದ್ರದ ಕೈಗೆ ಹೋಯಿತು. 2001ರ ಫೆಬ್ರವರಿ 28ರಂದು ಮುಚ್ಚಿದರು. 120 ವರ್ಷದಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಮಾವ ಕೈಗೆ ಬಂದ ಹಣ ತೆಗೆದುಕೊಂಡು ಮನೆಯಲ್ಲಿ ಕೂತರು. ಹೆಚ್ಚು ವರ್ಷ ಕೂರಲಿಲ್ಲ, ಎದೆಯೊಳಗೆ ಧೂಳು ತುಂಬಿತ್ತು. ಊರಿನ ಗಂಡುಮಕ್ಕಳೆಲ್ಲ ಬೆಳಗಿನ ಜಾವದ ರೈಲು ಹಿಡಿದು ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೊರಟರು. ಇವರೂ ಹನ್ನೊಂದು ವರ್ಷ ಹಾಗೇ ಓಡಾಡಿದವರು. ಲ್ಯಾವೆಲ್ ಬಂದ ದಾರಿಯಲ್ಲೇ ತಿರುಗಿ ಹೋದ ಹಾಗೆ. ಆ ಸಾಲುಮನೆಯಲ್ಲಿ ಅತ್ತೆ ಈಗಲೂ ಇದ್ದಾರೆ. ಮನೆ ನಮ್ಮ ಹೆಸರಿಗಿದೆ ಎನ್ನುವ ಕಾಗದ ಅವರ ಟ್ರಂಕಿನಲ್ಲಿಲ್ಲ. ಅರ್ಜಿಯ ನಕಲುಗಳಿವೆ.

ಸೋಮವಾರ ಬೆಳಗ್ಗೆ ಕೋಣೆ ಬಿಡುವಾಗ ಇವರು ಚಾದರವನ್ನು ನಾಲ್ಕು ಮಡಿಕೆ ಮಾಡಿ ಇಟ್ಟರು. ಅದು ಅವರ ಕೆಲಸವಲ್ಲವೆಂದರೂ ಕೇಳಲಿಲ್ಲ. ಮೆಟ್ಟಿಲಲ್ಲಿ ನಿಂತು ಆ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡರು. ಮನೆಗೆ ಹೋಗುವ ಬದಲು ರೈಲು ಹತ್ತಿದೆವು. ಬಂಗಾರಪೇಟೆಯಲ್ಲಿ ಇಳಿದು ತಿಳಿ ನೀರಿನ ಪಾನಿಪುರಿ ತಿಂದು, ಕೋರಮಂಡಲ, ಊರ್ಗಾಂ ದಾಟಿ ಚಾಂಪಿಯನ್‌ನಲ್ಲಿ ಇಳಿದಾಗ ಸೈನೈಡ್ ದಿಬ್ಬಗಳ ಮೇಲೆ ಬಿಸಿಲು ಇಳಿಮುಖವಾಗಿತ್ತು.

ಅತ್ತೆ ಮೊದಲು ಕೇಳಿದ್ದು, ‘ಎರಡು ರಾತ್ರಿಗೆ ಎಷ್ಟಾಯ್ತು?’ ನಾನು ಕಾಲುಭಾಗ ಹೇಳಿದೆ. ಅದಕ್ಕೂ ಅವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಇವರು ಮೊಬೈಲ್ ಚಾಚಿ, ‘ಇದರಲ್ಲಿ ತಾತ ಇದ್ದಾರಾ ನೋಡಮ್ಮ’ ಎಂದರು. ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡು ಮುಖಗಳನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ತಲೆಯಲ್ಲಾಡಿಸಿದರು. ಆಮೇಲೆ ಫೋಟೋವನ್ನು ಮೇಲಕ್ಕೆ ಸರಿಸಿ ಕಬ್ಬಿಣದ ಗೋಪುರದ ಹತ್ತಿರ ನಿಲ್ಲಿಸಿದರು.

‘ಗಿಫರ್ಡ್ ಶಾಫ್ಟ್ ಥರ ಇದೆ. ಇಲ್ಲೇ ನಿಂತಿದ್ದು ಇವರೆಲ್ಲ. ಈ ಕಡೆ ಕ್ಯಾಂಟೀನು, ಅದರ ಪಕ್ಕ ನಾನು ನಿಮ್ಮಪ್ಪನ ಊಟ ತಗೊಂಡು ನಿಲ್ತಿದ್ದ ಜಾಗ. ಅದು ಫೋಟೋದಲ್ಲಿ ಬಂದಿಲ್ಲ.’